ಹೊಳೆ ಪಾಠದ ಒಂಬತ್ತನೇ ಕಾರ್ಡು

ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಈಜುವ ಮಾತು ಹಾಗಿರಲಿ, ನೀರು ಮೊಣಕಾಲು ಮುಟ್ಟಿದರೆ ಸಾಕು, ಪಕ್ಕದಲ್ಲಿ ಯಾರಿದ್ದಾರೆಂದೂ ನೋಡದೆ ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿದ್ದರು. ಇಂಥ ಮನುಷ್ಯ ಮೂವತ್ತೊಂದು ವರ್ಷ, ಒಂದು ವರ್ಷವೂ ತಪ್ಪದೆ, ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷಿನ ಹೊಳೆ, ತೊರೆ, ಕಾಲುವೆಗಳ ನುಡಿಗಟ್ಟು ಕಲಿಸಿದರು ಎಂದರೆ ನಗು ಬರುತ್ತದೆ. ಅವರ ಹೆಂಡತಿಗಂತೂ ಬರುತ್ತಿತ್ತು. ಅವಳು ಹೊಲಿಗೆಯವಳು, ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವವಳು. "ಬಕೆಟ್ ನೀರಿಗೆ ಹೆದರೋರು ನದಿ ಪಾಠ ಮಾಡ್ತಾರಂತೆ" ಎಂದು ಗಿರಾಕಿಗಳ ಮುಂದೆಯೇ ಗಂಡನ ಕಾಲೆಳೆಯುತ್ತಿದ್ದಳು. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಏನೂ ಕೇಳಿಸದವರ ಹಾಗೆ ಒಳಗೆ ಹೋಗುತ್ತಿದ್ದರು.

ಆ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರೇ ಕಟ್ಟಿದ್ದು. ಶಾಲೆಯ ಹಿಂದೆ ಒಂದು ಕಾಲುವೆ, ಅದರ ಮೇಲೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಸೇತುವೆ. ಶಾಲೆ ಶುರುವಾದ ಮೊದಲ ವಾರ ಮಕ್ಕಳನ್ನೆಲ್ಲ ಆ ಸೇತುವೆಗೆ ಕರೆದೊಯ್ದು, ತಾವು ಮಾತ್ರ ದಂಡೆಯ ಮೇಲೇ ನಿಂತು, "ನೋಡಿ, ಇಂಗ್ಲಿಷಿನವರು ಅರ್ಧ ಮಾತು ನೀರಲ್ಲೇ ಆಡ್ತಾರೆ. ನಾವೇನು ಕಡಿಮೇನಾ? ಕೆಲಸದಲ್ಲಿ ಮುಳುಗಿದೀನಿ ಅಂತೀವಿ, ನಡುನೀರಲ್ಲಿ ಕೈಬಿಟ್ಟ ಅಂತೀವಿ. ನೀರು ಎಲ್ಲ ಕಡೆ ಒಂದೇ ಕಣ್ರೋ" ಎನ್ನುತ್ತಿದ್ದರು. ಮಕ್ಕಳು ಅದಕ್ಕೆ ಹೊಳೆ ಪಾಠ ಎಂದು ಹೆಸರಿಟ್ಟಿದ್ದರು, ಮೇಷ್ಟ್ರಿಗೆ ನಂಬರ್ ಮೇಷ್ಟ್ರು ಎಂದು. ಈ ಎರಡನೆಯ ಹೆಸರು ಹೇಗೆ ಬಂತೆಂದು ಹೆಂಡತಿ ಯಾವತ್ತೂ ಕೇಳಲಿಲ್ಲ. ಅಂಕ ಕೊಡುವುದರಲ್ಲಿ ಗಂಡ ಜುಗ್ಗ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಅದಕ್ಕೇ ಇರಬೇಕು ಎಂದುಕೊಂಡಿದ್ದಳು.

ಪಾಠಕ್ಕೆ ಬೇಕಾದ ಕಾರ್ಡುಗಳನ್ನು ಕತ್ತರಿಸಿ ಕೊಟ್ಟವಳು ಅವಳೇ. ಅಂಗಿಯ ಕಾಲರಿಗೆ ಇಡುವ ದಪ್ಪ ರಟ್ಟಿನಲ್ಲಿ ಅಂಗೈ ಅಗಲದ ಇಪ್ಪತ್ತೆರಡು ತುಂಡು. ಒಂದೊಂದರ ಮೇಲೆ ಮೇಷ್ಟ್ರು ಒಂದೊಂದು ನುಡಿಗಟ್ಟು ಬರೆದರು. ಮೇಲೆ ಇಂಗ್ಲಿಷ್, ಅದರ ಕೆಳಗೆ ಹಿಂದುಳಿದ ಮಕ್ಕಳಿಗೆಂದು ನಮ್ಮ ಅಕ್ಷರದಲ್ಲೇ ಉಚ್ಚಾರಣೆ, ಇನ್ನೂ ಕೆಳಗೆ ಅರ್ಥ. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಅವು ಭದ್ರವಾಗಿದ್ದವು. ಅಂಚು ಸವೆದಾಗ ಅವಳು ಅದಕ್ಕೆ ಬಟ್ಟೆಯ ಪಟ್ಟಿ ಹೊಲಿದುಕೊಟ್ಟದ್ದೂ ಉಂಟು, ಆದರೆ ಒಂದನ್ನೂ ಕೈಯಲ್ಲಿ ಹಿಡಿದು ಓದಿದವಳಲ್ಲ. ಅವಳಿಗೆ ಬರುತ್ತಿದ್ದ ಇಂಗ್ಲಿಷು ಶಾಲೆಯ ಹೆಸರನ್ನು ಜೇಬಿನ ಮೇಲೆ ಕಸೂತಿ ಹಾಕುವಷ್ಟು. ಅಕ್ಷರ ಒಂದೊಂದೇ ಗೊತ್ತಿತ್ತು, ಕೂಡಿಸಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಏಳು ಗಂಟೆಗೆ ಮೇಷ್ಟ್ರು ಡಬ್ಬಿ ಮುಂದಿಟ್ಟುಕೊಂಡು ಒಬ್ಬರೇ ಗುನುಗುತ್ತಾ ಕೂತಿದ್ದರು. ಮರುದಿನ ಶಾಲೆ ಶುರು. ನಿವೃತ್ತಿಗೆ ಒಂದೇ ವರ್ಷ ಬಾಕಿ, ಇದು ಅವರ ಕೊನೆಯ ಹೊಳೆ ಪಾಠ. ಮುಂದಿನ ಕೋಣೆಯಲ್ಲಿ ಅವಳ ಮೇಲೆ ನಲವತ್ತೆರಡು ಅಂಗಿಗಳ ಭಾರ. ಹನ್ನೊಂದೂವರೆಗೆ ಶಾಲೆಯ ವ್ಯಾನು ಬರುತ್ತದೆ, ಇನ್ನೂ ಹದಿನಾಲ್ಕಕ್ಕೆ ಕಾಲರೇ ಆಗಿಲ್ಲ.

"ಏ, ನನ್ನ ಬಲಗೈ ನನ್ನದಲ್ಲ ಅನ್ನಿಸ್ತಾ ಇದೆ" ಎಂದರು ಮೇಷ್ಟ್ರು, ಬಾಗಿಲಿಗೆ ಬಂದು.

ಅವಳು ತಲೆ ಎತ್ತಲಿಲ್ಲ. ಈ ಮನುಷ್ಯ ಸೀನಿದರೆ ನ್ಯುಮೋನಿಯಾ, ಹೊಟ್ಟೆ ಉಬ್ಬರಿಸಿದರೆ ಹೃದಯಾಘಾತ ಎನ್ನುವ ಜಾತಿ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಹತ್ತು ಸಲವಾದರೂ ಸತ್ತು ಬದುಕಿದ್ದಾರೆ. "ನಿಮ್ಮದು ಒಂದಲ್ಲ ಒಂದು ಇದ್ದೇ ಇರುತ್ತೆ. ಹೋಗಿ ಮಲಗಿ ಸುಮ್ನೆ" ಎಂದಳು. ಅವರು ಹೋಗಿ ಮಲಗಿದರು. ಒಂಬತ್ತರ ಸುಮಾರಿಗೆ ಒಳಗಿನಿಂದ ಒಂದು ದನಿ ಬಂತು. "ಬಾ ಇಲ್ಲಿ" ಎಂದಿರಬೇಕು. ಮಷೀನಿನ ಸದ್ದಿನ ನಡುವೆಯೂ ಅದು ಅವಳಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ, ಯಾಕೆಂದರೆ ಅವಳು ಉತ್ತರ ಕೊಟ್ಟಿದ್ದಳು.

"ಬಂದೆ, ಬಂದೆ" ಎಂದಿದ್ದಳು.

ಬರಲಿಲ್ಲ. ಹನ್ನೊಂದೂವರೆಗೆ ವ್ಯಾನು ಬಂತು, ಅಂಗಿಗಳನ್ನು ಮಡಿಸಿ ಕಟ್ಟಿಕೊಟ್ಟಳು, ಚಹಾ ಕಾಸಿದಳು, ಎರಡು ಲೋಟ ಹಿಡಿದು ಒಳಗೆ ಹೋದಳು. ಮೇಷ್ಟ್ರ ಬಾಯಿ ಒಂದು ಬದಿಗೆ ಜಾರಿತ್ತು. ಕಣ್ಣು ತೆರೆದೇ ಇತ್ತು, ಬಾಗಿಲ ಕಡೆಗೆ.

ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದೇ "ಎಷ್ಟು ಹೊತ್ತಿಗೆ ಶುರುವಾಯ್ತು?" ಎಂದು. ಏಳಕ್ಕೆ ಎಂದಳು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. "ಒಂದು ಔಷಧಿ ಇತ್ತು. ಅದನ್ನ ಕೊಡೋ ಹೊತ್ತು ಮೀರಿಹೋಗಿದೆ. ಬೇಗ ಬಂದಿದ್ರೆ ಮಾತಾದ್ರೂ ಉಳೀತಿತ್ತೋ ಏನೋ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ಗಂಟೆಯ ಮೇಲೆ ಮೇಷ್ಟ್ರ ಅಕ್ಕ ಏದುಸಿರು ಬಿಡುತ್ತಾ ಬಂದು ಅದೇ ಪ್ರಶ್ನೆ ಕೇಳಿದಾಗ ಅವಳ ಬಾಯಿಯಿಂದ ತಾನಾಗಿ ಬಂದದ್ದು "ಹನ್ನೊಂದೂವರೆಗೆ ಅತ್ತಿಗೆ, ಇದ್ದಕ್ಕಿದ್ದ ಹಾಗೆ" ಎಂಬ ಮಾತು. ಒಮ್ಮೆ ಆಡಿದ ಮೇಲೆ ಅದನ್ನೇ ಎಲ್ಲರಿಗೂ ಆಡಬೇಕಾಯಿತು. ಮನೆಯಲ್ಲಿ ನಿಜ ಗೊತ್ತಿದ್ದ ಇನ್ನೊಬ್ಬರಿಗೆ ಮಾತು ಬಿದ್ದುಹೋಗಿತ್ತು.

ಮೂರು ವಾರದ ಮೇಲೆ ಮನೆಗೆ ಬಂದರು. ಮಕ್ಕಳಿಲ್ಲದ ಮನೆ, ಅತ್ತಿಗೆ ತನ್ನ ಮನೆಗೆ ಬೀಗ ಹಾಕಿಕೊಂಡು ಬಂದು ಇಲ್ಲೇ ನಿಂತಳು. ಅರವತ್ತೈದರ ಹೆಂಗಸು, ಗಂಡ ತೀರಿಕೊಂಡವಳು. ಬಾಯಿ ಖಾರ, ಕೈ ಧಾರಾಳ, ಕಣ್ಣು ಮಾತ್ರ ಮಂದ. ತಮ್ಮನನ್ನು ಇವತ್ತಿಗೂ "ಮರಿ" ಎಂದೇ ಕರೆಯುವವಳು. ವಾರಕ್ಕೊಮ್ಮೆ ಆಸ್ಪತ್ರೆಯಿಂದ ಮಾತು ಕಲಿಸುವ ಟೀಚರು ಬರುತ್ತಿದ್ದಳು, ಚಿಕ್ಕ ವಯಸ್ಸಿನವಳು, ಕೈಯಲ್ಲಿ ಚಿತ್ರಗಳ ಚೀಲ. ಲೋಟದ ಚಿತ್ರ ಹಿಡಿದು "ಇದೇನು ಸಾರ್?" ಎನ್ನುವಳು. ಮೇಷ್ಟ್ರು ಲೋಟವನ್ನು ನೋಡುವರು, ಅವಳನ್ನು ನೋಡುವರು, ಬಾಯಿ ತೆರೆಯುವರು, ಬೆವರುವರು. ಒಂದು ಅಕ್ಷರ ಬಾರದು. ಮೂವತ್ತೊಂದು ವರ್ಷ ಬೇರೆಯವರ ಮಕ್ಕಳ ಬಾಯಿಯಿಂದ ಮಾತು ಹೊರಡಿಸಿದವರು ಹೀಗೆ ಒಂದು ಲೋಟದ ಮುಂದೆ ಸೋತು ಕೂರುವುದನ್ನು ನೋಡಲಾರದೆ ಹೆಂಡತಿ ಎದ್ದು ಮಷೀನಿನ ಹತ್ತಿರ ಹೋಗುತ್ತಿದ್ದಳು. ಹೋಗಿ ಹೊಲಿಯುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು. ಆ ದಿನದಿಂದ ಅವಳು ಹೊಲಿದಿರಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ, ಮಂಚವನ್ನು ಕಿಟಕಿಯ ಹತ್ತಿರ ಹಾಕಬೇಕೋ ಬಾಗಿಲ ಹತ್ತಿರವೋ ಎಂದು ಅತ್ತಿಗೆಗೂ ಅವಳಿಗೂ ಹಗ್ಗಜಗ್ಗಾಟ ನಡೆದಿತ್ತು. ಇದ್ದಕ್ಕಿದ್ದಂತೆ ಮೇಷ್ಟ್ರು, ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ, "ಗೋ ವಿತ್ ದಿ ಫ್ಲೋ" ಎಂದರು.

ಇಬ್ಬರೂ ಬೆಚ್ಚಿಬಿದ್ದರು. ಅತ್ತಿಗೆಗೆ ಅಳುವೂ ನಗುವೂ ಒಟ್ಟಿಗೆ ಬಂತು. "ಬಂತಲ್ಲೇ ಮಾತು! ಏನಂದ? ಇಂಗ್ಲಿಷಲ್ಲಿ ಯಾಕಂದ?" ಎಂದು ಕೂಗಾಡಿದಳು. ಹೆಂಡತಿಗೆ ಡಬ್ಬಿ ನೆನಪಾಯಿತು. ಕಾರ್ಡುಗಳನ್ನು ಹಾಸಿಗೆಯ ಮೇಲೆ ಸುರುವಿಕೊಂಡು, ಉಚ್ಚಾರಣೆಯ ಸಾಲಿನ ಮೇಲೆ ಬೆರಳಾಡಿಸುತ್ತಾ ಹುಡುಕಿದಳು. ಸಿಕ್ಕಿತು. ಹೊಳೆ ಹರಿದತ್ತ ಹರಿಯುವುದು, ಎದುರಾಡದೆ ಹೊಂದಿಕೊಂಡು ಹೋಗುವುದು.

"ಜಗಳ ಆಡ್ಬೇಡಿ, ಹೊಂದ್ಕೊಂಡು ಹೋಗಿ ಅಂತಾರೆ ಅತ್ತಿಗೆ!"

ಆ ಕಾರ್ಡನ್ನು ಗುಂಡುಸೂಜಿಯಿಂದ ಗೋಡೆಗೆ ತೂಗುಹಾಕಿದ್ದ ಬಟ್ಟೆಗೆ ಚುಚ್ಚಿದಳು. ಬಾಗಿಲ ಹತ್ತಿರವೇ ಮಂಚ ಇರಲೆಂದು ಅತ್ತಿಗೆ ಅವತ್ತು ಸೋತುಕೊಟ್ಟಳು.

ಅಲ್ಲಿಂದ ಮೂರು ದಿನ ಮೇಷ್ಟ್ರಿಗೆ ಅದೊಂದೇ ಮಾತು. ಆಮೇಲೆ ಇನ್ನೊಂದು ಬಂತು, ಹೊಳೆಗೆ ಎದುರಾಗಿ ಈಜುವುದು. ಅದು ಬಂದದ್ದು ಅವರಿಗೆ ಕೈಗೋಲು ಹಿಡಿಸಿ ನಿಲ್ಲಿಸಲು ಹೆಣಗಾಡುತ್ತಿದ್ದಾಗ. ಆಮೇಲೆ ಇನ್ನೊಂದು, "ಟೆಸ್ಟ್ ದಿ ವಾಟರ್ಸ್". ಇಳಿಯುವ ಮೊದಲು ನೀರು ಹೇಗಿದೆ ಎಂದು ನೋಡಿಕೊಳ್ಳುವುದು ಎಂದಿತ್ತು ಅರ್ಥ. ಅತ್ತಿಗೆ ಸ್ನಾನದ ನೀರಿಗೆ ಕೈ ಅದ್ದಿ "ಅಯ್ಯೋ ಕುದೀತಿದೆ" ಎಂದು ಹಾರಿದ ದಿನವೇ ಅದನ್ನು ಅಂದರು. ಮೂವರೂ ನಕ್ಕರು, ಮೇಷ್ಟ್ರು ಅರ್ಧ ಬಾಯಲ್ಲಿ. ಆಳ ನೀರಿನಲ್ಲಿದ್ದೇನೆ ಎಂದ ವಾರ ಅವರಿಗೆ ಜ್ವರ. "ಅಪ್ ದಿ ಕ್ರೀಕ್ ವಿದೌಟ್ ಎ ಪ್ಯಾಡಲ್" ಎಂದ ದಿನ ಶೌಚದ ಮನೆಯಿಂದ ಏಳಲಾಗದೆ ಕೂತಿದ್ದರು. ಕಾರ್ಡಿನಲ್ಲಿ ಹೀಗಿತ್ತು: ದೋಣಿ ತೊರೆಯಲ್ಲಿದೆ, ಕೈಯಲ್ಲಿ ಹುಟ್ಟುಗೋಲಿಲ್ಲ, ಏನೂ ಮಾಡಲು ತೋಚದ ಸ್ಥಿತಿ. ಅದನ್ನು ಓದಿ ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನೀರನ್ನು ಕದಡಿ ರಾಡಿ ಮಾಡುವುದು ಎಂಬುದು ಆರನೆಯ ಮಾತಾಗಿ ಬಂತು. ಆಗ ಪಕ್ಕದ ಮನೆಯವಳು ಕೂತು ಊರಿನ ಪುರಾಣವನ್ನೆಲ್ಲ ಬಿಚ್ಚಿದ್ದಳು, ಕಾರ್ಡಿನ ಅರ್ಥ ಕೇಳಿ ಎದ್ದು ಹೋದಳು.

ಟೀಚರಿಗೆ ಇದನ್ನೆಲ್ಲ ಸಂಭ್ರಮದಿಂದ ಹೇಳಿದಾಗ ಅವಳು ಗೋಡೆಯ ಕಾರ್ಡುಗಳನ್ನು ಒಂದೊಂದಾಗಿ ನೋಡಿದಳು.

"ಹೇಗೆ ಹೇಳ್ಲಿ ನಿಮಗೆ" ಎಂದಳು. "ವಾರದ ಹೆಸರು, ಒಂದು ಎರಡು ಮೂರು, ಬೈಗುಳ, ತುಂಬಾ ಸಲ ಬಾಯಿಪಾಠ ಮಾಡಿದ್ದು, ಇವೆಲ್ಲ ಮೆದುಳಲ್ಲಿ ಬೇರೆ ಕಡೆ ಕೂತಿರುತ್ತೆ. ಮಾತು ಹೋದ್ರೂ ಅದು ಉಳಿದಿರುತ್ತೆ, ತಾನಾಗೇ ಬರುತ್ತೆ. ಅರ್ಥ ಇಟ್ಕೊಂಡು ಹೇಳ್ತಾರೆ ಅಂತ ಅಲ್ಲ."

"ಮತ್ತೆ ಎಲ್ಲ ಸರಿಯಾಗಿ ಹೊಂದುತ್ತಲ್ಲ?"

"ಹೊಂದುತ್ತೆ ಅಂತ ನಮಗೆ ಅನ್ನಿಸುತ್ತೆ" ಎಂದಳು ಟೀಚರು, ಆದಷ್ಟು ಮೆತ್ತಗೆ.

ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಗೇನು ಗೊತ್ತು ಎಂದು ಅವಳು ಮೂಗು ಮುರಿದಳು. ಇಪ್ಪತ್ತೊಂಬತ್ತು ವರ್ಷ ಜೊತೆಗೆ ಬಾಳಿದವಳು ತಾನು.

ಏಳನೆಯ ಮಾತು ಬಂದದ್ದು ಒಂದು ಮಧ್ಯಾಹ್ನ. ಅತ್ತಿಗೆ ತಮ್ಮನ ಉಗುರು ಕತ್ತರಿಸುತ್ತಾ ಕೂತಿದ್ದಳು. ಮುದ್ದು ಮಾಡುವ ದನಿಯಲ್ಲಿ, "ಅವತ್ತು ಬೆಳಿಗ್ಗೆ ಏನಾಯ್ತು ಹೇಳು ಮರಿ. ಚೆನ್ನಾಗೇ ಇದ್ದೆಯಲ್ಲ, ಹೇಗಾಯ್ತು?" ಎಂದು ಕೇಳಿದಳು.

"ಸೋಲ್ಡ್ ಡೌನ್ ದಿ ರಿವರ್" ಎಂದರು ಮೇಷ್ಟ್ರು. ಅವರ ಕಣ್ಣು ಅಕ್ಕನನ್ನು ದಾಟಿ ಹೆಂಡತಿಯ ಮೇಲಿತ್ತು.

"ಏನಂತೆ? ತೆಗಿ, ತೆಗಿ, ಕಾರ್ಡು ನೋಡು" ಎಂದಳು ಅತ್ತಿಗೆ.

ಅವಳು ಹುಡುಕಿದಳು. ಕಾರ್ಡಿನ ಕೊನೆಯ ಸಾಲು ಓದಿದಳು. ತನ್ನ ಲಾಭಕ್ಕಾಗಿ, ನಂಬಿದವರನ್ನು ನಡುನೀರಿನಲ್ಲಿ ಕೈಬಿಡುವುದು. ಮೇಷ್ಟ್ರ ಓರೆ ಅಕ್ಷರ, ಒಂದು ತಪ್ಪಿಲ್ಲ, ಒಂದು ಚಿತ್ತಿಲ್ಲ.

"ಏನೇ ಅದು?"

"ನದಿ... ನದಿ ಕಡೆ ಹೋಗ್ಬೇಕಂತೆ ಅತ್ತಿಗೆ."

"ಹೋಗೋಣ ಬಿಡು ಮರಿ, ಮೊದಲು ಕಾಲು ಬರ್ಲಿ" ಎಂದು ಅತ್ತಿಗೆ ಹೆಬ್ಬೆರಳಿನ ಉಗುರಿಗೆ ಕೈ ಹಾಕಿದಳು.

ಆ ಕಾರ್ಡು ಗೋಡೆಗೆ ಹೋಗಲಿಲ್ಲ. ಮಷೀನಿನ ಡ್ರಾಯರಿನಲ್ಲಿ, ಗುಂಡಿಗಳ ಪೊಟ್ಟಣದ ಅಡಿಗೆ ಹೋಯಿತು. ಮೇಷ್ಟ್ರು ಮಾತ್ರ ಮೂರು ದಿನ ಅದನ್ನೇ ಅಂದರು. ಬಾಯಿಗೆ ಬ್ರೆಡ್ಡು ಇಡುವಾಗ ಅಂದರು, ಬೆನ್ನು ಒರೆಸುವಾಗ ಅಂದರು. ಒಮ್ಮೊಮ್ಮೆ ಹೆಮ್ಮೆಯಿಂದ ಅಂದಂತಿತ್ತು. ಅವಳ ಊಟ ಬಿಟ್ಟುಹೋಯಿತು. ತಪ್ಪು ಮಾಡಿದವರಿಗೆ ನಾಲ್ಕು ಮಾತು ಬೈಸಿಕೊಳ್ಳುವ ಹಕ್ಕಾದರೂ ಇರುತ್ತದೆ, ಬೈಸಿಕೊಂಡು, ಎದುರು ಮಾತಾಡಿ, ಅತ್ತು, ಕಾಲು ಹಿಡಿದು ಮುಗಿಸಬಹುದು. ಇವಳ ಪಾಲಿಗೆ ಬಂದದ್ದು ಒಂದೇ ಸಾಲು, ಅದೂ ಬಾರದ ಭಾಷೆಯಲ್ಲಿ. ಅದಕ್ಕೆ ಎದುರು ಏನು ಹೇಳಬೇಕು?

ನಾಲ್ಕನೆಯ ದಿನ ಮಾತು ಬದಲಾಯಿತು. ಸೇತುವೆ ಬಂದಾಗ ದಾಟೋಣ, ಈಗಲೇ ಚಿಂತೆ ಯಾಕೆ ಎಂಬ ಅರ್ಥದ್ದು. ಅವಳಿಗೆ ಹೋದ ಜೀವ ಬಂದಂತಾಯಿತು. ಗಂಡ ತನಗೆ ಸಮಯ ಕೊಡುತ್ತಿದ್ದಾರೆ, ನೀನೇ ಹೇಳು, ಹೇಳುವಾಗ ಹೇಳು ಎನ್ನುತ್ತಿದ್ದಾರೆ ಎಂದು ಬಗೆದಳು. ಎರಡು ದಿನ ಧೈರ್ಯ ಕೂಡಿಸಿಕೊಂಡಳು. ಅತ್ತಿಗೆ ಅಂಗಡಿಗೆ ಹೋದದ್ದೇ ಬಾಗಿಲು ಮುಂದೆ ಮಾಡಿ, ಮಂಚದ ಪಕ್ಕ ನೆಲದ ಮೇಲೆ ಕೂತು, ಮೇಷ್ಟ್ರ ಸತ್ತ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೀ, ಏಳು ಗಂಟೆಗೇ ಹೇಳಿದ್ರಿ ನೀವು. ನಾನು ತಲೆ ಎತ್ತಿ ನೋಡ್ಲಿಲ್ಲ. ಒಂಬತ್ತಕ್ಕೆ ಕರೆದ್ರಿ, ನಂಗೆ ಕೇಳಿಸ್ತು. ಬಂದೆ ಅಂದೆ. ಬರ್ಲಿಲ್ಲ ರೀ. ಹದಿನಾಲ್ಕು ಕಾಲರ್ ಬಾಕಿ ಇತ್ತು, ಅದಕ್ಕೆ ಬರ್ಲಿಲ್ಲ. ಎಲ್ಲರಿಗೂ ಸುಳ್ಳು ಹೇಳ್ಕೊಂಡು ತಿರುಗ್ತಿದೀನಿ. ನಿಮಗೆ ಗೊತ್ತಿದೆ ಅಂತ ನಂಗೆ ಗೊತ್ತು. ಏನಾದ್ರೂ ಅನ್ನಿ. ಹೊಡೀಬೇಕು ಅನ್ಸಿದ್ರೆ ಆ ಎಡಗೈಯಲ್ಲಿ ಹೊಡೀರಿ."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಒಳ್ಳೆಯ ಎಡಗೈ ಹೊದಿಕೆಯ ಮೇಲೆ ಸ್ವಲ್ಪ ಸರಿಯಿತು.

"ವಾಟರ್ ಅಂಡರ್ ದಿ ಬ್ರಿಜ್" ಎಂದರು.

ಅವಳು ಡಬ್ಬಿಯನ್ನು ಹಾಸಿಗೆಯ ಮೇಲೆ ಸುರುವಿ ಹುಡುಕಿದಳು. ಉಳಿದ ಹದಿನಾಲ್ಕರಲ್ಲಿ ಅದು ಕೊನೆಗೆ ಸಿಕ್ಕಿತು. ಸೇತುವೆಯ ಕೆಳಗೆ ಹರಿದುಹೋದ ನೀರು. ಆಗಿದ್ದು ಆಗಿಹೋಯಿತು, ಹೊಟ್ಟೆಗೆ ಹಾಕಿಕೊಂಡಾಯಿತು.

ಅವಳು ಅಲ್ಲೇ ಹಾಸಿಗೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಬಂದು ಗಾಬರಿಯಾಗಿ ಕೇಳಿದರೆ "ಏನಿಲ್ಲ, ಸಂತೋಷಕ್ಕೆ" ಎಂದಳು. ಅದು ಸುಳ್ಳಾಗಿರಲಿಲ್ಲ. ಕಾರ್ಡನ್ನು ಗೋಡೆಯ ಮೇಲೆ ಎಲ್ಲಕ್ಕಿಂತ ಕೊನೆಯಲ್ಲಿ ಚುಚ್ಚಿದಳು. ಮರುದಿನ ಮೂರು ತಿಂಗಳಿಂದ ಮುಚ್ಚಿದ್ದ ಮಷೀನಿನ ಹೊದಿಕೆ ತೆಗೆದು ಎಣ್ಣೆ ಬಿಟ್ಟಳು. ಹೊಲಿಯುತ್ತಾ ಕೂತರೆ ಒಳಗಿನಿಂದ ಮೇಷ್ಟ್ರ ದನಿ ಕೇಳಿಸುತ್ತಿತ್ತು, ವಾಟರ್ ಅಂಡರ್ ದಿ ಬ್ರಿಜ್. ಕೇಳಿಸಿದಾಗಲೆಲ್ಲ ಅವಳು ಎದ್ದು ಹೋಗಿ ನೋಡಿ ಬರುತ್ತಿದ್ದಳು. ಒಮ್ಮೆಯೂ "ಬಂದೆ" ಎನ್ನಲಿಲ್ಲ, ಹೋಗಿಯೇ ಬಿಡುತ್ತಿದ್ದಳು. ಹಾಗೆ ಮೂರು ದಿನ ಕಳೆಯಿತು. ಅಷ್ಟು ಹಗುರಾಗಿ ಅವಳು ಮದುವೆಯಾದ ಹೊಸತರಲ್ಲೂ ಇದ್ದಿರಲಿಲ್ಲವೇನೋ.

ನಾಲ್ಕನೆಯ ದಿನ ಭಾನುವಾರ, ಕ್ಷೌರದವನು ಬಂದ. ಅಷ್ಟು ದಿನ ಗಡ್ಡ ಹೆರೆಯುವ ಕೆಲಸವನ್ನೂ ಅವಳೇ ಮಾಡುತ್ತಿದ್ದಳು, ಮೇಷ್ಟ್ರ ಕೆನ್ನೆಯ ಗಾಯ ನೋಡಲಾಗದೆ ಅತ್ತಿಗೆಯೇ ಹೇಳಿ ಕಳಿಸಿದ್ದಳು. ನಲವತ್ತು ದಾಟಿದ ಆಳು, ಬೀದಿಯ ತಿರುವಿನಲ್ಲಿ ಅವನ ಅಂಗಡಿ, ಮೇಷ್ಟ್ರ ಹಳೆಯ ಶಿಷ್ಯ. ಎಂಟನೇ ತರಗತಿ ಎರಡು ಸಲ ಓದಿದವನು, ಹಾಗಾಗಿ ಹೊಳೆ ಪಾಠ ಎರಡು ಸಲ ಆಗಿತ್ತು. ಮೇಷ್ಟ್ರ ಕುತ್ತಿಗೆಗೆ ಬಟ್ಟೆ ಸುತ್ತಿ, ನೊರೆ ಹಚ್ಚಿ, ಕತ್ತಿ ಎತ್ತುವಷ್ಟರಲ್ಲಿ ಮೇಷ್ಟ್ರು ಬಾಯಿ ಬಿಟ್ಟರು. "ವಾಟರ್ ಅಂಡರ್ ದಿ ಬ್ರಿಜ್."

ಕ್ಷೌರದವನ ಕೈ ಗಾಳಿಯಲ್ಲೇ ನಿಂತಿತು. ಮುಖ ಅರಳಿತು.

"ಒಂಬತ್ತು!" ಎಂದ.

"ಏನಪ್ಪಾ ಒಂಬತ್ತು?" ಎಂದಳು ಅತ್ತಿಗೆ.

"ಇದು ಒಂಬತ್ತನೇದು ಕಣಮ್ಮ, ಹೊಳೆ ಪಾಠದ್ದು. ಪ್ರತಿಯೊಂದಕ್ಕೂ ನಂಬರ್ ಇತ್ತಲ್ಲ. ಸಾರ್ ಕಾರ್ಡಿನ ಬೆನ್ನು ತೋರಿಸೋರು, ಬರೀ ನಂಬರ್ ಕಾಣೋದು, ಇಡೀ ಕ್ಲಾಸು ಒಟ್ಟಿಗೆ ಕೂಗ್ಬೇಕು. ತಪ್ಪಿದ್ರೆ ಒಂದರಿಂದ ಮತ್ತೆ ಶುರು. ಒಂದರಿಂದ ಇಪ್ಪತ್ತೆರಡು, ಇಪ್ಪತ್ತೆರಡರಿಂದ ಒಂದು. ಅದಕ್ಕೇ ಅಲ್ವಾ ನಂಬರ್ ಮೇಷ್ಟ್ರು ಅಂತಿದ್ದಿದ್ದು." ಅವನು ಬಗ್ಗಿ, ನೊರೆ ಮೆತ್ತಿದ ಕಿವಿಯ ಹತ್ತಿರ, "ಸಾರ್, ನಾಲ್ಕು!" ಎಂದ.

ಮೇಷ್ಟ್ರ ಬೆನ್ನು ನೆಟ್ಟಗಾಯಿತು. "ಇನ್ ಡೀಪ್ ವಾಟರ್."

"ಸಾರ್, ಎರಡು!"

"ಅಗೇನ್ಸ್ಟ್ ದಿ ಕರೆಂಟ್."

ಅತ್ತಿಗೆ ಚಪ್ಪಾಳೆ ತಟ್ಟಿಬಿಟ್ಟಳು. ಕ್ಷೌರದವನ ಕಣ್ಣಲ್ಲಿ ನೀರು. ಅವಳು ಮಾತ್ರ ಗೋಡೆಯ ಹತ್ತಿರ ಹೋಗಿದ್ದಳು. ಮೊದಲು ಚುಚ್ಚಿದ ಕಾರ್ಡಿನ ಗುಂಡುಸೂಜಿ ಕಿತ್ತು ತಿರುಗಿಸಿದಳು. ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು. ಅರ್ಥ ಹುಡುಕುವ ಆತುರದಲ್ಲಿ ಇಷ್ಟು ದಿನ ಅದನ್ನು ಗಮನಿಸಿರಲೇ ಇಲ್ಲ. ಎರಡನೆಯದು ತಿರುಗಿಸಿದಳು, ಎರಡು. ಮೂರು. ನಾಲ್ಕು. ಐದು. ಆರು. ಗೋಡೆಯ ಮೇಲೆ ಅವಳೇ ತನ್ನ ಕೈಯಾರೆ, ಬಂದ ದಿನದ ಕ್ರಮದಲ್ಲಿ ಚುಚ್ಚಿಕೊಂಡು ಬಂದಿದ್ದಳು. ಆರು ಆದಮೇಲೆ ಎಂಟು. ಎಂಟಾದ ಮೇಲೆ ಒಂಬತ್ತು.

ಜಗಳವಾದಾಗ ಹೊಂದಿಕೊಳ್ಳಿ ಎಂದದ್ದಲ್ಲ. ಜ್ವರ ಬಂದಾಗ ಮುಳುಗುತ್ತಿದ್ದೇನೆ ಎಂದದ್ದಲ್ಲ. ಆ ಬೆಳಿಗ್ಗೆ ಏಳು ಗಂಟೆಗೆ ಗುನುಗುತ್ತಿದ್ದ ಪಾಠವನ್ನು ಮೇಷ್ಟ್ರು ಒಂದರಿಂದ ಹೇಳಿಕೊಂಡು ಬಂದಿದ್ದರು, ಅಷ್ಟೇ. ಒಂದೊಂದನ್ನು ಎರಡು ಮೂರು ದಿನ ಹಿಡಿದು ಕೂತರೆ, ಹೊಂದುವ ಗಳಿಗೆ ಯಾವ ಮನೆಯಲ್ಲಿ ತಾನೇ ಸಿಗುವುದಿಲ್ಲ? ಅವಳು ಅತ್ತು ಕೇಳಿದ ದಿನ ಎಂಟು ಮುಗಿದಿತ್ತು, ಒಂಬತ್ತರ ಸರದಿ ಇತ್ತು. ಎರಡು ದಿನ ಮೊದಲು ಕೇಳಿದ್ದರೆ ಇನ್ನೊಂದು ಸಿಗುತ್ತಿತ್ತು. ಒಂದು ವಾರ ತಡೆದು ಕೇಳಿದ್ದರೆ ಹತ್ತನೆಯದು.

"ಅಕ್ಕಾ, ಏಳು ಕಾಣಿಸ್ತಿಲ್ವಲ್ಲ?" ಎಂದ ಕ್ಷೌರದವನು, ಗೋಡೆ ನೋಡಿ. ತಾನೇ ಮೇಷ್ಟ್ರ ಕಡೆ ತಿರುಗಿ, "ಸಾರ್, ಏಳು!" ಎಂದ.

"ಸೋಲ್ಡ್ ಡೌನ್ ದಿ ರಿವರ್."

"ನಂಬಿದೋರನ್ನ ನಡುನೀರಲ್ಲಿ ಕೈಬಿಡೋದು!" ಎಂದು ಅರ್ಥವನ್ನೂ ಕೂಗಿದ ಅವನು, ಎರಡು ವರ್ಷದ ಕಲಿಕೆ ವ್ಯರ್ಥವಾಗಿರಲಿಲ್ಲ ಎಂಬ ಖುಷಿಯಲ್ಲಿ.

ಅತ್ತಿಗೆಯ ಚಪ್ಪಾಳೆ ನಿಂತಿತು. "ನದಿ ಕಡೆ ಹೋಗ್ಬೇಕಂತೆ ಅಂದಿದ್ದೆಯಲ್ಲೇ ನೀನು" ಎಂದಳು.

ಕ್ಷೌರದವನು ಕೆಲಸ ಮುಗಿಸಿ ಹೋದಮೇಲೆ ಅಡುಗೆಮನೆಯಲ್ಲಿ, ನಲ್ಲಿಯ ಪಕ್ಕ ನಿಂತು, ಅವಳು ಅತ್ತಿಗೆಗೆ ಎಲ್ಲ ಹೇಳಿದಳು. ಏಳು ಗಂಟೆ, ಒಂಬತ್ತು ಗಂಟೆ, ಹದಿನಾಲ್ಕು ಕಾಲರು, ಡಾಕ್ಟರು ಗಡಿಯಾರ ನೋಡಿದ್ದು. ಹೇಳಿ ತಲೆ ತಗ್ಗಿಸಿ ನಿಂತಳು. ಅತ್ತಿಗೆಯ ನಾಲಗೆ ಅವಳಿಗೆ ಗೊತ್ತು, ಇವತ್ತು ಅದು ಎಷ್ಟು ಸೀಳಿದರೂ ಸೀಳಲಿ ಎಂದು ಕಾದಳು.

ಅತ್ತಿಗೆ ಬಹಳ ಹೊತ್ತು ಲೋಟವೊಂದನ್ನು ಒರೆಸಿದಳು, ಒಣಗಿದ ಮೇಲೂ ಒರೆಸಿದಳು.

"ನಂಗ್ಯಾಕೆ ಹೇಳ್ದೆ ಇದನ್ನ?" ಎಂದಳು ಕೊನೆಗೆ. ಕೋಪವಿರಲಿಲ್ಲ, ಸುಸ್ತಾದ ದನಿ. "ಬೈಯೋಕೆ ನಂಗೆ ಬಾಯಿ ಬರಲ್ಲ, ನಾನಿದ್ದಿದ್ರೂ ಮಲ್ಕೋ ಅಂತಲೇ ಅಂತಿದ್ದೆ. ಹೋಗ್ಲಿ ಬಿಡು ಅನ್ನೋಣ ಅಂದ್ರೆ, ಅದು ಅವನು ಅನ್ಬೇಕಾದ ಮಾತು. ನಾನು ಹೇಗೆ ಅನ್ಲಿ?"

ಲೋಟ ಇಟ್ಟು ಹೊರಗೆ ಹೋದಳು. ಆಮೇಲೆ ಆ ವಿಷಯ ಅವಳ ಬಾಯಲ್ಲಿ ಬರಲಿಲ್ಲ. ಆದರೆ ಬೆಳಿಗ್ಗೆ ಏಳಾಗುತ್ತಿದ್ದಂತೆ ತಮ್ಮನ ಕೋಣೆಗೆ ಹೋಗಿ ಬಲಗೈ ಮುಟ್ಟಿ ನೋಡಿ ಬರುವ ಒಂದು ಅಭ್ಯಾಸ ಅವಳಿಗೆ ಅಂಟಿಕೊಂಡಿತು.

ನಂಬರಿನ ಸಂಗತಿ ಕೇಳಿ ಟೀಚರಿಗೆ ಮಾತ್ರ ಹಿಡಿಸಲಾರದ ಹಿಗ್ಗು. ಇದು ತುಂಬಾ ಒಳ್ಳೆಯದು, ಇದನ್ನೇ ಹಿಡಿದುಕೊಂಡು ಹೋಗೋಣ, ಕರೆದರೆ ಉತ್ತರ ಕೊಡುತ್ತಾರಲ್ಲ, ದಿನಕ್ಕೆ ಹತ್ತು ನಿಮಿಷ ನೀವೇ ಒಂದೊಂದು ನಂಬರ್ ಕೂಗಿ ಹೇಳಿಸಿ, ನಾಲಗೆಗೆ ವ್ಯಾಯಾಮ ಎಂದು ಹೇಳಿ ಹೋದಳು. ಹೊರಡುವಾಗ ಹೆಂಡತಿ ಬಾಗಿಲಲ್ಲಿ ಟೀಚರನ್ನು ತಡೆದು, "ನಾನು ಹೇಳಿದ್ದು ಅವರಿಗೆ ತಿಳಿದಿರುತ್ತಾ? ತಿಳಿದಿದ್ರೆ, ಏನೋ ಹೇಳ್ಬೇಕು ಅಂತ ಇದ್ದು, ಇದೊಂದೇ ಬಾಯಿಗೆ ಬರ್ತಿರಬಹುದಾ?" ಎಂದು ಕೇಳಿದಳು. ಟೀಚರು ಚೀಲದ ಪಟ್ಟಿ ಸರಿಮಾಡಿಕೊಂಡಳು. "ತಿಳಿದಿರಬಹುದು. ಎಷ್ಟು ಅಂತ ಹೇಳೋಕಾಗಲ್ಲ. ಯಾರಿಗೂ ಆಗಲ್ಲ" ಎಂದಳು.

ಹೀಗೆ ಇಪ್ಪತ್ತೊಂಬತ್ತು ವರ್ಷ ಆ ತರಗತಿಯ ಬಾಗಿಲನ್ನೂ ನೋಡದವಳು ಮೇಷ್ಟ್ರ ಕೊನೆಯ ಹೊಳೆ ಪಾಠ ನಡೆಸುವವಳಾದಳು. ಬೆಳಗಿನ ಚಹಾ ಆದಮೇಲೆ ಮಂಚದ ಎದುರು ಸ್ಟೂಲು ಹಾಕಿಕೊಂಡು, ಕಾರ್ಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಮೇಷ್ಟ್ರು ಆ ಹೊತ್ತಿಗಾಗಿಯೇ ಕಾದಿರುತ್ತಾರೆ, ಅಂಗಿಯ ಗುಂಡಿ ಹಾಕಿಸಿಕೊಂಡು, ಕೂದಲು ಬಾಚಿಸಿಕೊಂಡು. ಒಂದು ಎನ್ನುತ್ತಾಳೆ, ಹೇಳುತ್ತಾರೆ. ಎರಡು, ಹೇಳುತ್ತಾರೆ. ಏಳನ್ನು ಅವಳು ಬಿಡುವುದಿಲ್ಲ. ಅದೂ ಅವರು ಬರೆದದ್ದೇ, ಆ ಕಾರ್ಡನ್ನೂ ಡ್ರಾಯರಿನಿಂದ ತೆಗೆದು ಉಳಿದವುಗಳ ಜೊತೆಗೆ ಸೇರಿಸಿದ್ದಾಳೆ. ಏಳು ಎನ್ನುತ್ತಾಳೆ, ಹೇಳಿಸಿಕೊಳ್ಳುತ್ತಾಳೆ. ಎಂಟು.

"ಒಂಬತ್ತು."

"ವಾಟರ್ ಅಂಡರ್ ದಿ ಬ್ರಿಜ್" ಎನ್ನುತ್ತಾರೆ ಮೇಷ್ಟ್ರು, ಒಂದಕ್ಕೆ ಹೇಳಿದ ದನಿಯಲ್ಲೇ, ಏಳಕ್ಕೆ ಹೇಳಿದ ದನಿಯಲ್ಲೇ. ಆಮೇಲೆ ಮುಂದಿನ ನಂಬರಿಗಾಗಿ ಅವಳ ಬಾಯನ್ನೇ ನೋಡುತ್ತಾರೆ. ಹತ್ತನೆಯ ಕಾರ್ಡು ಅವಳ ಕೈಯಲ್ಲಿದೆ. ಅತ್ತಿಗೆ ಬಾಗಿಲಲ್ಲಿ ನಿಂತವಳು, ಯಾಕೋ ಒಳಗೆ ಬಾರದೆ ಹಾಗೇ ಹಿಂದಕ್ಕೆ ಹೋಗುತ್ತಾಳೆ.

"ಒಂಬತ್ತು" ಎನ್ನುತ್ತಾಳೆ ಅವಳು ಇನ್ನೊಮ್ಮೆ.